ಎರಡು ಕಟುಕರ ಬೀದಿಗಳು ಮತ್ತು ನನ್ನಪ್ಪ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕದೆ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬರೆಯಲೋ ಬೇಡವೋ ಅನ್ನೋ ಗೊಂದಲದಲ್ಲೇ ದಿನ ಕಳೆದುಹೋಯ್ತು. ಮೊನ್ನೆ ಗೆಳೆಯನೊಬ್ಬ ಬೆಂಗಳೂರಿಂದ ಫೋನ್ ಮಾಡಿ, "ಬೇಸಿಗೆ ರಜಕ್ಕೆ ಎಲ್ಲರೂ ಬರ್ತಿದೀವಿ ಮಾರಾಯ, ಲಂಡನ್ ಬಿಟ್ಟು ಇಂಗ್ಲೆಂಡಲ್ಲಿ ನೋಡೋಕೆ ಏನಿದೆ, ಒಂದು ಲಿಸ್ಟ್ ಕಳಿಸು" ಅಂದ. ಲಿಸ್ಟ್ ಮಾಡೋಕೆ ಅಂತ ಕೂತವನು ಎಲ್ಲಿಗೋ ಹೋಗಿಬಿಟ್ಟೆ. ಹಾಗಾಗಿ ಇದು ಅರ್ಧ ಲಿಸ್ಟು, ಇನ್ನರ್ಧ ಬೇರೆ ಏನೋ. ಸಹಿಸಿಕೊಳ್ಳಿ :-)

ನಾನಿರೋದು ಕೊವೆಂಟ್ರಿಯಲ್ಲಿ, ಇಂಗ್ಲೆಂಡಿನ ಹೆಚ್ಚುಕಡಿಮೆ ನಟ್ಟನಡುವೆ. ಊರಿಂದ ಯಾರೇ ಬಂದರೂ ನನ್ನ ಹತ್ತಿರ ಒಂದು ಸಿದ್ಧ ಪಟ್ಟಿ ಇರುತ್ತೆ. ಒಂದು ದಿನ ಚೆಸ್ಟರ್, ಒಂದು ದಿನ ಲಿಂಕನ್, ಒಂದು ದಿನ ಯಾರ್ಕ್. ಈ ಮೂರು ಊರು ತೋರಿಸಿಬಿಟ್ಟರೆ ಬಂದವರು ಖುಷಿ, ನಾನೂ ಖುಷಿ. ಎಲ್ಲಾ ಕಡೆ ಹಳೇ ಬೀದಿ, ಹಳೇ ಮನೆ, ಹಳೇ ಚರ್ಚು, ಬೇಕಾದಷ್ಟು ಫೋಟೋ.

ಚೆಸ್ಟರಿನಲ್ಲಿ ನೋಡಲೇಬೇಕಾದ್ದು ಅಲ್ಲಿನ 'ರೋಸ್'. ನೆಲಮಟ್ಟದಲ್ಲಿ ಒಂದು ಸಾಲು ಅಂಗಡಿ. ಅವುಗಳ ತಲೆಯ ಮೇಲೆ, ಮೊದಲ ಮಹಡಿಯಲ್ಲಿ, ಬೀದಿಯುದ್ದಕ್ಕೂ ನಡೆದುಕೊಂಡು ಹೋಗಬಹುದಾದ ಸೂರಿರುವ ಮೊಗಸಾಲೆ. ಅದರ ಒಳಗೆ ಇನ್ನೊಂದು ಸಾಲು ಅಂಗಡಿ. ಹದಿಮೂರನೇ ಶತಮಾನದಿಂದ ಹೀಗೇ ಇದೆಯಂತೆ. ಮಳೆ ಬಂದರೆ ಮೇಲೆ ಹತ್ತಿಬಿಡೋದು, ಕೊಡೆ ಬಿಚ್ಚದೆ ಪೇಟೆ ಸುತ್ತೋದು. ನಾಲ್ಕು ಬೀದಿ ಕೂಡುವ ಕಡೆ ಇರುವ ಕಪ್ಪು ಬಿಳುಪಿನ ಚೆಂದದ ಕಟ್ಟಡಗಳು ಮಾತ್ರ ಕಾಣುವಷ್ಟು ಹಳೆಯವಲ್ಲ. ಬಹುಪಾಲು ವಿಕ್ಟೋರಿಯಾ ರಾಣಿ ಕಾಲದಲ್ಲಿ ಹಳೇ ಮಾದರಿಯಲ್ಲೇ ಮತ್ತೆ ಕಟ್ಟಿದ್ದು. ಅಲ್ಲೇ ಪಕ್ಕದ ಈಸ್ಟ್‌ಗೇಟಿನ ಮೇಲಿನ ಗಡಿಯಾರ 1899ರದ್ದು. ಟೌನ್ ಹಾಲಿನ ಗಡಿಯಾರದ ಕಥೆ ಇನ್ನೂ ತಮಾಷೆ. ಅದಕ್ಕೆ ಮೂರೇ ಮುಖ. ವೇಲ್ಸ್ ಕಡೆಗೆ ಮುಖ ಇಟ್ಟಿಲ್ಲ. "ಅವರಿಗೆ ನಾವ್ಯಾಕೆ ಟೈಮ್ ಹೇಳಬೇಕು" ಅಂತ ಊರವರು ನಗುತ್ತಾರೆ. ನಮ್ಮ ಕಡೆ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಾಗ ಆ ಕಡೆ ಕಿಟಕಿ ಮುಚ್ಚಿಸುತ್ತಾರಲ್ಲ, ಹಾಗೆ!

ಲಿಂಕನ್ನಿಗೆ ಹೋದರೆ ಒಳ್ಳೆ ಚಪ್ಪಲಿ ಹಾಕಿಕೊಂಡು ಹೋಗಿ. ಅಲ್ಲಿನ ಬೀದಿಯ ಹೆಸರೇ 'ಸ್ಟೀಪ್ ಹಿಲ್'. ಸುಮಾರು ಏಳಡಿಗೆ ಒಂದಡಿ ಏರು. ದಾರಿಯಲ್ಲಿ ಸಿಗುವ 'ಜ್ಯೂಸ್ ಹೌಸ್' ಅನ್ನೋ ಕಲ್ಲಿನ ಮನೆ ಹನ್ನೆರಡನೇ ಶತಮಾನದ್ದು, ಇಂಗ್ಲೆಂಡಿನ ಪಟ್ಟಣಗಳಲ್ಲಿ ಇನ್ನೂ ನಿಂತಿರುವ ಅತಿ ಹಳೇ ಮನೆಗಳಲ್ಲಿ ಒಂದು. ಏದುಸಿರು ಬಿಡುತ್ತಾ ಮೇಲೆ ಹತ್ತಿದರೆ ಕೆಥೆಡ್ರಲ್. ಅದರ ನಡುಗೋಪುರಕ್ಕೆ ಹಿಂದೆ ಒಂದು ಶಿಖರ ಇತ್ತಂತೆ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು ಅಂತ ಹೇಳುತ್ತಾರೆ. 1548ರಲ್ಲಿ ಶಿಖರ ಬಿದ್ದುಹೋಯ್ತು. ಇನ್ನೂ ಸ್ವಲ್ಪ ಮುಂದೆ ಹೋದರೆ ರೋಮನ್ನರ ಕಾಲದ ನ್ಯೂಪೋರ್ಟ್ ಕಮಾನು. ಇವತ್ತಿಗೂ ಅದರಡಿ ಕಾರು ಓಡಾಡುತ್ತವೆ. 1964ರಲ್ಲಿ ಒಂದು ಲಾರಿ ಗುದ್ದಿ ಕಮಾನನ್ನ ಕೆಡಿಸಿತ್ತು, ಆಮೇಲೆ ಸರಿ ಮಾಡಿದರು. ಎಲ್ಲಾ ಕಾಲದಲ್ಲೂ, ಎಲ್ಲಾ ದೇಶದಲ್ಲೂ ಲಾರಿ ಲಾರಿಯೇ.

ಇಷ್ಟು ಲಿಸ್ಟು. ಉಳಿದದ್ದು ಯಾರ್ಕ್. ಅಲ್ಲಿಗೆ ಹೋಗೋ ಮುಂಚೆ ನಮ್ಮಪ್ಪನ ವಿಷಯ ಹೇಳಬೇಕು.

*

ಅಪ್ಪ ನಮ್ಮೂರ ಪುರಸಭೆಯಲ್ಲಿ ಜೆಇ ಆಗಿದ್ದವರು. ಜೂನಿಯರ್ ಇಂಜಿನಿಯರ್. ಸೈಕಲ್ಲು, ಕ್ಯಾರಿಯರಿನಲ್ಲಿ ಟೇಪು, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. 1989ರಲ್ಲಿ ಹಳೇಪೇಟೆ ಬೀದಿ ಅಗಲ ಮಾಡೋದು ಅಂತ ತೀರ್ಮಾನ ಆಯ್ತು. ಬೀದಿಯ ನಡುಗೆರೆಯಿಂದ ಎರಡೂ ಕಡೆಗೆ ಅಳೆದು, ಎಲ್ಲಿವರೆಗೆ ಕೆಡವಬೇಕೋ ಅಲ್ಲಿಗೆ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆಯೋದು ಅಪ್ಪನ ಕೆಲಸ. ನನಗಾಗ ಹನ್ನೊಂದು ವರ್ಷ. ಬೇಸಿಗೆ ರಜ. ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳೋಕೆ ಅಂತ ನನ್ನನ್ನೂ ಕರಕೊಂಡು ಹೋಗುತ್ತಿದ್ದರು. ನನಗೋ ಭಾರೀ ಹೆಮ್ಮೆ.

ಆ ಬೀದಿಯ ತಿರುವಿನಲ್ಲಿ ಸೀತತ್ತೆಯ ಮನೆ. ಅಪ್ಪನ ಸ್ವಂತ ಅಕ್ಕ. ನಾಡಹೆಂಚಿನ ಹಳೇ ತೊಟ್ಟಿ ಮನೆ, ಮುಂದೆ ಆರು ಮರದ ಕಂಬದ ಜಗಲಿ. ಸಂಜೆ ಹೊತ್ತು ಅರ್ಧ ಬೀದಿ ಆ ಜಗಲಿ ಮೇಲೇ ಕೂತಿರುತ್ತಿತ್ತು. ಅಪ್ಪ ಅಳೆದರು, ಬರೆದುಕೊಂಡರು, ಮತ್ತೆ ಅಳೆದರು. ಆಮೇಲೆ ಜಗಲಿ ದಾಟಿ, ಹಜಾರದ ಗೋಡೆ ಮೇಲೆ ಕೆಂಪು ಗೀಟು ಎಳೆದರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನಗೆ ಯಾವತ್ತಿನ ಹಾಗೆ ಮಜ್ಜಿಗೆ ಕೊಟ್ಟಳು. ಅಪ್ಪನಿಗೆ ಕೊಡಲಿಲ್ಲ.

ಆಮೇಲೆ ಅವಳು ಅಪ್ಪನ ಹತ್ತಿರ ಮಾತಾಡಲೇ ಇಲ್ಲ. ಹಬ್ಬಕ್ಕೆ ಬರಲಿಲ್ಲ, ನಮ್ಮನ್ನು ಕರೆಯಲಿಲ್ಲ. 2001ರಲ್ಲಿ ತೀರಿಕೊಂಡಳು. ಊರಲ್ಲಿ ಅಪ್ಪನಿಗೆ 'ಮನೆಮುರುಕ' ಅಂತ ಹೆಸರು ಬಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಎದುರಿಗೆ ಅಂದವನು ನಾನೊಬ್ಬನೇ. ಪಿಯುಸಿ ಓದುವಾಗ ಯಾವುದೋ ಜಗಳ. ನನಗೆ ಬೇಕಾದ ಕಾಲೇಜಿಗೆ ಕಳಿಸಲಿಲ್ಲ ಅಂತಲೋ ಏನೋ. "ಊರೆಲ್ಲ ಹೇಳೋದು ಸರಿಯಾಗೇ ಇದೆ. ನೀವು ಮನೆಮುರುಕರೇ" ಅಂದುಬಿಟ್ಟೆ. ಅಪ್ಪ ಹೊಡೆಯಲಿಲ್ಲ, ಬಯ್ಯಲಿಲ್ಲ. ಸೈಕಲ್ ತಗೊಂಡು ಹೊರಗೆ ಹೋದರು.

ಆ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ.

*

2018ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಮೊದಲ ಸಲ ಇಲ್ಲಿಗೆ ಬಂದರು. ಜುಲೈನಲ್ಲಿ ಒಂದು ಶನಿವಾರ ಯಾರ್ಕಿಗೆ ಹೊರಟೆವು. ಅಮ್ಮ ಐದು ಗಂಟೆಗೇ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿದ್ದರು. "ಅಲ್ಲಿ ಏನು ಸಿಗುತ್ತೋ ಏನೋ" ಅಂತ. ಎಲ್ಲಾ ಸಿಗುತ್ತೆ ಅಂದರೆ ಕೇಳಬೇಕಲ್ಲ! ಕೊನೆಗೆ ಮಿನ್‌ಸ್ಟರ್ ಎದುರಿನ ಹುಲ್ಲಿನ ಮೇಲೆ ಕೂತು ಅದೇ ಚಿತ್ರಾನ್ನ ತಿಂದಿದ್ದು, ಅದರ ರುಚಿ ಬೇರೆ ಬಿಡಿ.

ಯಾರ್ಕಿನಲ್ಲಿ ಒಂದು ಹಳೇ ಜೋಕಿದೆ. ಇಲ್ಲಿ ಬೀದಿಗೆ 'ಗೇಟ್' ಅಂತಾರೆ, ಗೇಟಿಗೆ 'ಬಾರ್' ಅಂತಾರೆ, ಬಾರಿಗೆ 'ಪಬ್' ಅಂತಾರೆ. 866ರಲ್ಲಿ ವೈಕಿಂಗರು ಈ ಊರನ್ನು ಹಿಡಿದರು. ಅವರ ಭಾಷೆಯಲ್ಲಿ 'ಗಾತಾ' ಅಂದರೆ ಬೀದಿ. ಅದೇ ಸ್ಟೋನ್‌ಗೇಟ್, ಮಿಕಲ್‌ಗೇಟ್ ಅಂತ ಉಳಿದುಕೊಂಡಿದೆ. ಊರಿನ ಅತಿ ಗಿಡ್ಡ ಬೀದಿಗೆ ಅತಿ ಉದ್ದದ ಹೆಸರು, 'ವಿಪ್-ಮಾ-ವಾಪ್-ಮಾ-ಗೇಟ್'. ಅಮ್ಮ ಅದನ್ನ ಹೇಳೋಕೆ ಹೋಗಿ ಹೋಗಿ ನಕ್ಕು ಸುಸ್ತಾದರು.

ಮಿನ್‌ಸ್ಟರ್ ಅಂದರೆ ಅಲ್ಲಿನ ದೊಡ್ಡ ಕೆಥೆಡ್ರಲ್. 1220ರಲ್ಲಿ ಶುರು ಮಾಡಿ 1472ರಲ್ಲಿ ಮುಗಿಸಿದ್ದು. ಇನ್ನೂರೈವತ್ತು ವರ್ಷ! "ಕಂಟ್ರಾಕ್ಟರು ಎಷ್ಟು ಸಲ ಬದಲಾಗಿರಬೇಕು" ಅಂದರು ಅಪ್ಪ. 1984ರಲ್ಲಿ ಒಂದು ಭಾಗದ ಚಾವಣಿ ಬೆಂಕಿಗೆ ಹೋಗಿ, ನಾಲ್ಕು ವರ್ಷದಲ್ಲಿ ಮತ್ತೆ ಕಟ್ಟಿದರು ಅಂತ ಹೇಳಿದೆ. ಪೂರ್ವದ ದೊಡ್ಡ ಕಿಟಕಿ ಒಂದು ಟೆನಿಸ್ ಅಂಗಳದಷ್ಟಿದೆ. ಜಾನ್ ಥಾರ್ನ್‌ಟನ್ ಅನ್ನೋ ಗಾಜಿನ ಕುಶಲಕರ್ಮಿ 1405ರಿಂದ 1408ರೊಳಗೆ ಮಾಡಿಕೊಟ್ಟಿದ್ದು. ಆತ ನಮ್ಮ ಕೊವೆಂಟ್ರಿಯವನು ಅಂತ ನಾನು ಜಂಬ ಕೊಚ್ಚಿಕೊಂಡೆ.

ಆಮೇಲೆ ಶ್ಯಾಂಬಲ್ಸ್. ನಾನು ಬಂದವರಿಗೆಲ್ಲ ತೋರಿಸೋ ಬೀದಿ. ಕಟುಕರ ಬೀದಿ ಅದು. ಮಾಂಸ ಇಡೋ ಹಲಗೆಗೆ ಹಳೇ ಇಂಗ್ಲಿಷಿನಲ್ಲಿದ್ದ ಪದದಿಂದ ಈ ಹೆಸರು ಬಂದಿದ್ದು. ಈಗ ಇಂಗ್ಲಿಷಿನಲ್ಲಿ 'ಶ್ಯಾಂಬಲ್ಸ್' ಅಂದರೆ ಅವ್ಯವಸ್ಥೆ, ರಾದ್ಧಾಂತ. 1872ರಲ್ಲೂ ಇಲ್ಲಿ ಇಪ್ಪತ್ತೈದು ಮಾಂಸದಂಗಡಿ ಇದ್ದವು. ಈಗ ಒಂದೂ ಇಲ್ಲ. ಆದರೆ ಕಿಟಕಿಯ ಹೊರಗಿನ ಅಗಲದ ಹಲಗೆ, ಮಾಂಸ ನೇತುಹಾಕುತ್ತಿದ್ದ ಕೊಕ್ಕೆ ಅಲ್ಲಲ್ಲಿ ಹಾಗೇ ಇವೆ. ಎರಡೂ ಕಡೆ ಮರದ ಚೌಕಟ್ಟಿನ ಮನೆಗಳು, ಒಂದೊಂದು ಮಹಡಿಯೂ ಕೆಳಗಿನದಕ್ಕಿಂತ ಒಂದಿಷ್ಟು ಮುಂದೆ ಚಾಚಿಕೊಂಡು, ಮೇಲೆ ಹೋಗ್ತಾ ಹೋಗ್ತಾ ಎದುರುಮನೆಯವರು ಕೈ ಕುಲುಕಬಹುದು ಅನ್ನೋಷ್ಟು ಹತ್ತಿರ. ಮಾಂಸಕ್ಕೆ ಬಿಸಿಲು ಬೀಳಬಾರದು ಅಂತ ಬೀದಿ ಹೀಗೆ ಇಕ್ಕಟ್ಟು ಅಂತ ಹೇಳುತ್ತಾರೆ. ಇದೇ ಬೀದಿಯ ಕಟುಕನೊಬ್ಬನ ಹೆಂಡತಿ ಮಾರ್ಗರೆಟ್ ಕ್ಲಿದರೋ. ಕ್ಯಾಥೊಲಿಕ್ ಪಾದ್ರಿಗಳಿಗೆ ಮನೆಯಲ್ಲಿ ಜಾಗ ಕೊಟ್ಟ ಆರೋಪಕ್ಕೆ 1586ರಲ್ಲಿ ಅವಳ ಮೇಲೆ ಬಾಗಿಲು ಇಟ್ಟು, ಅದರ ಮೇಲೆ ಕಲ್ಲು ಹೇರಿ ಕೊಂದರು. 1970ರಲ್ಲಿ ಸಂತಳಾದಳು. ಅವಳ ಹೆಸರಿನ ಪುಟ್ಟ ಪೂಜಾಗೃಹ ಈ ಬೀದಿಯಲ್ಲೇ ಇದೆ. ಜನ ಮಾತ್ರ ಅದರ ಮುಂದಿನ ಹ್ಯಾರಿ ಪಾಟರ್ ಅಂಗಡಿಗಳಲ್ಲಿ ತುಂಬಿರುತ್ತಾರೆ. ಸಿನಿಮಾ ಇಲ್ಲಿ ತೆಗೆದಿದ್ದೇ ಅಲ್ಲ, ಆದರೂ!

ಅಮ್ಮ ಕಿಟಕಿ ನೋಡುತ್ತಿದ್ದರು, ನಾನು ಫೋಟೋ ತೆಗೆಯುತ್ತಿದ್ದೆ. ಅಪ್ಪ? ಅಪ್ಪ ಬೀದಿಗೆ ಅಡ್ಡಲಾಗಿ ನಡೆಯುತ್ತಿದ್ದರು. ಒಂದು ಹೆಜ್ಜೆಗೆ ಎರಡೂವರೆ ಅಡಿ, ಅವರ ಲೆಕ್ಕ ನನಗೆ ಗೊತ್ತು.

"ಇಲ್ಲಿ ಹತ್ತಡಿಯೂ ಇಲ್ಲ ಕಣೋ. ಬೆಂಕಿ ಬಿದ್ರೆ ಫೈರ್ ಇಂಜಿನ್ ಹೆಂಗೆ ಬರುತ್ತೆ?"

"ಅಪ್ಪಾ, ಆರುನೂರು ವರ್ಷದಿಂದ ನಿಂತಿದೆ. ಇನ್ನು ಮೇಲೂ ನಿಲ್ಲುತ್ತೆ ಬಿಡಿ."

ಅವರು ಒಂದು ಮನೆಯ ಮೂಲೆಯ ಹತ್ತಿರ ಹೋಗಿ ಗೋಡೆ ನೋಡಿದರು. ಮರದ ಚೌಕಟ್ಟಿನ ನಡುವೆ ಕಡ್ಡಿ ಹೆಣೆದು, ಮೇಲೆ ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ ಗೋಡೆ ಅಂತ ವಿವರಿಸಿದೆ. "ನಮ್ಮ ತಡಿಕೆ ಗೋಡೆ" ಅಂದರು. ಅಷ್ಟೇ. ಆದರೆ ಮರದ ಮೇಲೆ ಕೈ ಇಟ್ಟವರು ಬೇಗ ತೆಗೆಯಲಿಲ್ಲ.

ಆಗ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನೋಡಿ, ಇವರು ಹೆಂಗೆ ಉಳಿಸಿಕೊಂಡಿದಾರೆ. ಅಗಲ ಮಾಡ್ತೀವಿ ಅಂತ ಕೆಡವಲಿಲ್ಲ" ಅಂದೆ. ಮಾಮೂಲಿ ಮಾತಿನ ಹಾಗೇ ಅಂದೆ. ಅಮ್ಮ ನನ್ನ ಕಡೆ ತಿರುಗಿ ನೋಡಿದ ರೀತಿಯಲ್ಲೇ ಅದು ಮಾಮೂಲಿ ಮಾತಾಗಿರಲಿಲ್ಲ ಅಂತ ಗೊತ್ತಾಯ್ತು. ಅಪ್ಪ "ಹೂಂ" ಅಂದರು.

ಮಧ್ಯಾಹ್ನ ಊರಗೋಡೆಯ ಮೇಲೆ ನಡೆದೆವು. ಮೂರು ಕಿಲೋಮೀಟರಿಗೂ ಹೆಚ್ಚಿದೆ. ಅಲ್ಲೊಂದು ಕಥೆ ನನಗೆ ಗೊತ್ತಿತ್ತು, ವಾತಾವರಣ ತಿಳಿ ಮಾಡೋಕೆ ಅಂತ ಹೇಳಿದೆ. 1800ರ ಸುಮಾರಿಗೆ ಇಲ್ಲಿನ ನಗರಸಭೆಯೇ ಈ ಗೋಡೆ ಕೆಡವೋಕೆ ಹೊರಟಿತ್ತು. ರಿಪೇರಿಗೆ ದುಡ್ಡು ಬೇಕು, ಗಾಡಿಗೆ ದಾರಿ ಇಲ್ಲ ಅಂತ. ಒಂದಷ್ಟು ಕೆಡವಿಯೂ ಬಿಟ್ಟರು. ಗೇಟುಗಳ ಮುಂದೆ ಚಾಚಿದ್ದ ಹೊರಕೋಟೆಗಳಲ್ಲಿ ವಾಮ್‌ಗೇಟ್ ಬಾರಿನದು ಒಂದೇ ಉಳಿದಿದ್ದು. ಊರವರು ವಿರೋಧಿಸಿದರು. ವಿಲಿಯಂ ಎಟ್ಟಿ ಅನ್ನೋ ಚಿತ್ರಕಾರ ಮುಂದೆ ನಿಂತು ಗಲಾಟೆ ಮಾಡಿದ.

"ಅಂದ್ರೆ ಕೆಡವೋಕೆ ಹೊರಟಿದ್ದು ನಗರಸಭೆ, ಉಳಿಸಿದ್ದು ಚಿತ್ರ ಬರೆಯೋನು" ಅಂದರು ಅಪ್ಪ. ಸ್ವಲ್ಪ ಹೊತ್ತಿನ ಮೇಲೆ, "ಎಲ್ಲಾ ಕಡೇನೂ ಹಂಗೇ" ಅಂದರು. ದಾರಿಯುದ್ದಕ್ಕೂ ಕಾರಿನಲ್ಲಿ ನಿದ್ದೆ ಮಾಡಿದರು. ಅಥವಾ ಕಣ್ಣು ಮುಚ್ಚಿಕೊಂಡಿದ್ದರು.

*

ಅಪ್ಪನಿಗೆ ಕೊವೆಂಟ್ರಿಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ದಿನಾ ಹತ್ತು ಗಂಟೆಗೆ ಬಸ್ಸು ಹತ್ತಿ ಪೇಟೆಯ ಲೈಬ್ರರಿಗೆ ಹೋಗೋದು, ಒಂದು ಗಂಟೆಗೆ ಊಟಕ್ಕೆ ವಾಪಸ್. "ನಿಮ್ಮೂರಲ್ಲಿ ನೋಡೋಕೆ ಏನಿದೆಯೋ" ಅಂತ ಒಂದು ದಿನ ಕೇಳಿದ್ದರು. "ಏನೂ ಇಲ್ಲಪ್ಪ. ಎಲ್ಲಾ ಹಿಟ್ಲರ್ ಬಾಂಬಿಗೆ ಹೋಯ್ತು" ಅಂದಿದ್ದೆ. ಇಲ್ಲಿರೋ ಎಲ್ಲರೂ ಹಾಗೇ ಹೇಳೋದು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಊರನ್ನು ಸುಟ್ಟವು. ಒಂದೇ ರಾತ್ರಿ ಐನೂರಕ್ಕೂ ಹೆಚ್ಚು ಜನ ಸತ್ತರು. ಊರ ನಡುವಿನ ಸೇಂಟ್ ಮೈಕೆಲ್ಸ್ ಕೆಥೆಡ್ರಲ್ ಸುಟ್ಟು ಬರೀ ಗೋಡೆ ಮತ್ತು ಗೋಪುರ ಉಳಿಯಿತು. ಈಗಿರೋದು ಕಾಂಕ್ರೀಟು, ಮೇಲ್ಸೇತುವೆ, ರಿಂಗ್ ರೋಡು.

ಯಾರ್ಕಿನಿಂದ ಬಂದ ಮೂರ್ನಾಲ್ಕು ದಿನಕ್ಕೆ ಅಪ್ಪ ಲೈಬ್ರರಿಯಿಂದ ಬಂದವರೇ ಚಪ್ಪಲಿ ಕೂಡ ಬಿಡದೆ, "ಇಲ್ಲೂ ಒಂದು ಕಟುಕರ ಬೀದಿ ಇತ್ತಂತಲ್ಲೋ" ಅಂದರು. "ಬುಚರ್ ರೋ ಅಂತ. ಫೋಟೋ ನೋಡಿದೆ. ಯಾರ್ಕಿಂದು ಹೆಂಗಿದೆಯೋ ಹಂಗೇ ಇತ್ತು. ಹಿಟ್ಲರ್ ಅಲ್ಲ ಅದನ್ನ ಕೆಡವಿದ್ದು. ಮುನ್ಸಿಪಾಲ್ಟಿ. 1936ರಲ್ಲಿ. ಯುದ್ಧಕ್ಕೆ ಮೂರು ವರ್ಷ ಮುಂಚೆ."

ಹತ್ತು ವರ್ಷದಿಂದ ಈ ಊರಲ್ಲಿದ್ದವನಿಗೆ ಇದು ಗೊತ್ತಿರಲಿಲ್ಲ.

ಆ ಶನಿವಾರ ನಾವಿಬ್ಬರೇ ಹೊರಟೆವು. ಬುಚರ್ ರೋ ಇದ್ದ ಕಡೆ ಈಗ ಟ್ರಿನಿಟಿ ಸ್ಟ್ರೀಟ್ ಇದೆ. 1937ರಲ್ಲಿ ತೆರೆದ ರಸ್ತೆ. ಪೇಟೆಗೆ ಹೋದಾಗೆಲ್ಲ ನಾನು ಓಡಾಡೋ ಜಾಗ. ಅಗಲವಾದ ರಸ್ತೆ, ಬಸ್ಸುಗಳು, ಇಳಿಜಾರು. ನೋಡೋಕೆ ಏನಂದರೆ ಏನೂ ಇಲ್ಲ. ಅಪ್ಪ ಫುಟ್‌ಪಾತಿನ ಅಂಚಿನಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರು, ಹಳೇ ಸೈಟಿಗೆ ಇನ್‌ಸ್ಪೆಕ್ಷನ್ನಿಗೆ ಬಂದವರ ಹಾಗೆ.

"ಕಾರಿನ ಊರು ಇದು" ಅಂದೆ. ಡೈಮ್ಲರ್ 1896ರಲ್ಲೇ ಇಲ್ಲಿ ಶುರುವಾಗಿದ್ದು. ಸೈಕಲ್ಲು, ಕಾರು, ಜಾಗ್ವಾರ್, ಎಲ್ಲಾ ಇಲ್ಲೇ. ಕೆಲಸ ಹುಡುಕಿಕೊಂಡು ಬಂದವರಿಂದ ಊರು ದಿಢೀರನೆ ಬೆಳೆಯಿತು. ಹಳೇ ಬೀದಿಯಲ್ಲಿ ಗಾಡಿ ಹಿಡಿಯಲಿಲ್ಲ. ಹೊಸ ರಸ್ತೆ ಬೇಕು ಅಂದರು.

"ಮತ್ತೆ? ಬೇಕೇ ಆಗಿತ್ತು" ಅಂದರು ಅಪ್ಪ. "ಈ ಇಂಜಿನಿಯರ್ರೂ ಟೇಪು ಹಿಡಕೊಂಡು ಬಂದಿರ್ತಾನೆ. ಯಾವುದೋ ಮನೆ ಮುಂದೆ ನಿಂತಿರ್ತಾನೆ. ಯಾರೋ ಬಾಗಿಲಲ್ಲಿ ನೋಡ್ತಾ ಇದ್ದಿರ್ತಾರೆ. ನಾಲ್ಕು ವರ್ಷ ಊರವರೆಲ್ಲ ಅವನನ್ನ ಬೈದಿರ್ತಾರೆ. ಆಮೇಲೆ ಬಾಂಬು ಬಿತ್ತು. ಎಲ್ಲಾ ಹಿಟ್ಲರ್ ಲೆಕ್ಕಕ್ಕೆ ಹೋಯ್ತು. ಅವನು ಬಚಾವ್."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಹಳೇಪೇಟೆ ತಿರುವಿನಲ್ಲಿ ಗೀಟನ್ನ ನಾಲ್ಕಡಿ ಆ ಕಡೆ ಸರಿಸಬಹುದಿತ್ತು" ಅಂದರು. ರಸ್ತೆ ನೋಡುತ್ತಲೇ. "ಪ್ಲಾನಿನಲ್ಲಿ ತಿರುವು ನಮ್ಮ ಕೈಲಿತ್ತು. ಸರಿಸಿದ್ರೆ ಅಕ್ಕನ ಜಗಲಿ ಉಳೀತಿತ್ತು. ಎದುರುಗಡೆ ಟೈಲರ್ ಅಂಗಡಿ, ಆ ಪಾತ್ರೆ ಕಲಾಯಿ ಹಾಕೋನ ಮನೆ, ಎರಡೂ ಪೂರ್ತಿ ಹೋಗ್ತಿತ್ತು. ಅವರಿಗೆ ಹಿಂದೆ ಜಾಗವೇ ಇರಲಿಲ್ಲ. ಅಕ್ಕನಿಗೆ ಹಿತ್ತಲಿತ್ತು."

"ಅತ್ತೆಗೆ ಇದನ್ನ ಹೇಳಲಿಲ್ವಾ?"

"ಹೇಳಿದ್ರೆ? 'ಯಾರೋ ಟೈಲರ್ರು ನಿನಗೆ ನನಗಿಂತ ಹೆಚ್ಚಾದ್ನಾ' ಅಂತಿದ್ಲು. ಅವಳು ಹಂಗೆ ಕೇಳೋದೂ ತಪ್ಪಲ್ಲ." ಒಂದು ಬಸ್ಸು ಹೋಯ್ತು. "ಅಷ್ಟು ಮಾಡಿ ಏನಾಯ್ತು ಹೇಳು. ಗಾಡಿ ಓಡಾಡಲಿ ಅಂತ ರಸ್ತೆ ಅಗಲ ಮಾಡಿದ್ವಿ. ಈಗ ಎರಡೂ ಕಡೆ ಗಾಡಿ ನಿಲ್ಲಿಸ್ತಾರೆ. ಓಡಾಡೋಕೆ ಉಳಿದಿರೋದು ಮುಂಚೆ ಎಷ್ಟಿತ್ತೋ ಅಷ್ಟೇ."

ಅಲ್ಲಿಂದ ಎರಡು ನಿಮಿಷ ನಡೆದರೆ ಹಳೇ ಕೆಥೆಡ್ರಲ್. ಸುಟ್ಟಿದ್ದನ್ನು ಇಲ್ಲಿನವರು ಕೆಡವಲೂ ಇಲ್ಲ, ಮತ್ತೆ ಕಟ್ಟಲೂ ಇಲ್ಲ. ಬರೀ ಗೋಡೆಗಳನ್ನು ಹಾಗೇ ಬಿಟ್ಟು, ಪಕ್ಕಕ್ಕೆ ಅಂಟಿಕೊಂಡಂತೆ ಹೊಸದು ಕಟ್ಟಿದರು. ಬೇಸಿಲ್ ಸ್ಪೆನ್ಸ್ ಅನ್ನೋ ವಾಸ್ತುಶಿಲ್ಪಿಯ ಕೆಲಸ, 1962ರಲ್ಲಿ ಪ್ರತಿಷ್ಠೆಯಾಯ್ತು. ಹಳೆಯದರಲ್ಲಿ ಚಾವಣಿ ಇಲ್ಲ, ತಲೆ ಎತ್ತಿದರೆ ಆಕಾಶ. ಕಿಟಕಿಗಳಲ್ಲಿ ಗಾಜಿಲ್ಲ. ಸುಟ್ಟು ಬಿದ್ದಿದ್ದ ಎರಡು ತೊಲೆಗಳನ್ನು ಶಿಲುಬೆಯ ಹಾಗೆ ಕಟ್ಟಿ ನಿಲ್ಲಿಸಿದ್ದರು. ಈಗ ಅಲ್ಲಿರೋದು ಅದರ ಪ್ರತಿ, ಮೂಲ ಹೊಸ ಕಟ್ಟಡದ ಒಳಗಿದೆ. ಅದರ ಹಿಂದಿನ ಗೋಡೆಯಲ್ಲಿ ಎರಡೇ ಪದ ಕೆತ್ತಿದ್ದಾರೆ. ತಂದೆಯೇ, ಕ್ಷಮಿಸು. ಯಾರನ್ನು ಅಂತ ಇಲ್ಲ. ಬಾಂಬು ಹಾಕಿದವರನ್ನು ಅಂತಲೂ ಇಲ್ಲ. ಎಲ್ಲರೂ ಅದರಲ್ಲಿ ಬರಲಿ ಅಂತಲೇ ಹಾಗೆ ಬಿಟ್ಟಿದ್ದಂತೆ.

ಅವರು ಬರೆದಿದ್ದು ದೇವರಿಗೆ. ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಅಪ್ಪನ ಪಕ್ಕದಲ್ಲಿ ನಿಂತು ಅದನ್ನ ಓದೋಕೆ ನನಗೆ ಕಷ್ಟವಾಯ್ತು. ಗೋಪುರದ ಎತ್ತರ ಎಷ್ಟು ಅಂತ ಏನೋ ಮಾತು ತೆಗೆದೆ.

*

ಆಮೇಲೆ ಸ್ಪಾನ್ ಸ್ಟ್ರೀಟ್. ಅಪ್ಪನೇ ಓದಿ ಗುರುತು ಮಾಡಿಕೊಂಡು ಬಂದಿದ್ದರು. ಇದೂ ಹಳೇ ಬೀದಿ. ಅರವತ್ತರ ದಶಕದಲ್ಲಿ ರಿಂಗ್ ರೋಡು ಇದನ್ನ ನಡುವೆ ಕತ್ತರಿಸಿ ಹಾಕಿತು. ಉಳಿದ ತುಂಡಿನಲ್ಲಿ ಮಾಡಿದ್ದೇನು ಗೊತ್ತಾ? ಊರಿನ ಬೇರೆ ಬೇರೆ ಕಡೆ ಅಡ್ಡ ಬರುತ್ತಿದ್ದ ಹಳೇ ಮರದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ಹೀಗಾಗಿ ಇಲ್ಲಿರೋ ಕೆಲವು ಮನೆ ಇಲ್ಲಿನವು, ಕೆಲವು ಗುಳೆ ಬಂದವು. ನಮ್ಮ ಹಾಗೆ :-)

ಮರದ ಚೌಕಟ್ಟಿನ ಮನೆಗಳನ್ನು ಹಾಗೆ ಬಿಚ್ಚಬಹುದು. ಮೊಳೆ ಇಲ್ಲ, ಎಲ್ಲಾ ಕುಳಿಗೆ ಕೂರಿಸಿ ಮರದ ಗೂಟ ಹೊಡೆದ ಕೆಲಸ. ಬಡಗಿ ಮೊದಲು ನೆಲದ ಮೇಲೆ ಪೂರ್ತಿ ಜೋಡಿಸಿ, ಪ್ರತಿ ಕೀಲಿಗೂ ರೋಮನ್ ಅಂಕಿಯ ಗುರುತು ಕೊರೆದು, ಬಿಚ್ಚಿ, ಜಾಗಕ್ಕೆ ತಂದು ಅದೇ ನಂಬರಿನ ಪ್ರಕಾರ ನಿಲ್ಲಿಸುತ್ತಿದ್ದ. ಎಕ್ಸೆಟರ್ ಅನ್ನೋ ಊರಿನಲ್ಲಂತೂ 1961ರಲ್ಲಿ ರಸ್ತೆಗೆ ಅಡ್ಡ ಬಂದ ಒಂದು ಹಳೇ ಮನೆಯನ್ನು ಬಿಚ್ಚದೆ, ಇಡಿಯಾಗಿ ಗಾಲಿ ಮೇಲೆ ಎಳೆದುಕೊಂಡು ಹೋಗಿ ಬೇರೆ ಕಡೆ ಇಟ್ಟಿದ್ದಾರೆ. ಇಲ್ಲೇ ಕೊವೆಂಟ್ರಿಯಲ್ಲಿ 1509ರ ಫೋರ್ಡ್ಸ್ ಹಾಸ್ಪಿಟಲ್ ಇದೆ. ಹೆಸರು ಹಾಸ್ಪಿಟಲ್, ಆದರೆ ವಯಸ್ಸಾದವರ ಆಶ್ರಯಮನೆ. 1940ರ ಬಾಂಬಿಗೆ ಒಳಗಿದ್ದವರಲ್ಲಿ ಎಂಟು ಜನ ಸತ್ತು, ಕಟ್ಟಡ ಕುಸಿಯಿತು. ಯುದ್ಧ ಮುಗಿದ ಮೇಲೆ ಅದೇ ಹಳೇ ಮರ ಹೆಕ್ಕಿ 1953ರ ಹೊತ್ತಿಗೆ ಮತ್ತೆ ನಿಲ್ಲಿಸಿದರು.

ಇದನ್ನೆಲ್ಲ ನಾನು ಹೇಳುತ್ತಿದ್ದರೆ ಅಪ್ಪ, "ನಂಬರ್ ನಾನೂ ಹಾಕಿದ್ದೆ" ಅಂದರು.

ಯಾವ ನಂಬರು ಅಂತ ಕೇಳೋ ಮುಂಚೆಯೇ ನನಗೆ ನೆನಪಾಯ್ತು. ಸೀತತ್ತೆ ಮನೆಯ ಆರು ಕಂಬ. ಕೆಡವೋ ಹಿಂದಿನ ದಿನ ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು ಅಂತ ಬರೆದಿತ್ತು. ಹರಾಜಿನ ನಂಬರು ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅತ್ತೆ ಮನೆಯನ್ನ ಬಿಡಿಬಿಡಿಯಾಗಿ ಹರಾಜಿಗೆ ಹಾಕಿದ ಅಪ್ಪ ಅಂತ. ಪಿಯುಸಿಯ ಆ ಜಗಳದ ದಿನ ನನ್ನ ತಲೆಯಲ್ಲಿ ಇದ್ದದ್ದು ಅದೇ ಚಿತ್ರ.

"ಕಂಬ, ಬೋದಿಗೆ, ತೊಲೆ, ಎಲ್ಲಕ್ಕೂ ಹಾಕಿದ್ದೆ. ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಆಳು ಇಟ್ಟು ಹಿತ್ತಲಲ್ಲಿ ಜೋಡಿಸಿ ಇಡಿಸಿದೆ. ಗೋಡೆ ಹಿಂದಕ್ಕೆ ಕಟ್ಟಿದ ಮೇಲೆ ಅದೇ ಜಗಲಿ ನಿಲ್ಲಿಸಿಕೊಡ್ತೀನಿ, ಖರ್ಚು ನಂದು ಅಂತ ನಿಮ್ಮಮ್ಮನ ಕೈಲಿ ಹೇಳಿ ಕಳಿಸಿದ್ದೆ. 'ಮುರಿದೋನ ಕೈಲಿ ಕಟ್ಟಿಸ್ಕೊಳ್ಳಲ್ಲ' ಅಂದ್ಲಂತೆ. ಎರಡು ಮಳೆಗಾಲ ಹಂಗೇ ಬಿದ್ದಿತ್ತು. ಆಮೇಲೆ ಸಾಮಿಲ್ಲಿನೋರಿಗೆ ಕೊಟ್ಲು."

ಆ ಪುಸ್ತಕ ಎಲ್ಲಿದೆ ಅಂತ ಕೇಳಿದೆ. "ಇದೆ" ಅಂದರು. ಎಲ್ಲಿ ಅಂತ ಹೇಳಲಿಲ್ಲ.

ನಾನು ಆಗಲಾದರೂ ಹೇಳಬೇಕಿತ್ತು. ಬಾಯಿಗೆ ಬಂದಿದ್ದು "ಕಾಫಿ ಕುಡಿಯೋಣ್ವಾ ಅಪ್ಪ" ಅಂತ. ಅಲ್ಲೇ ಒಂದು ಗುಳೆ ಬಂದ ಮನೆಯೊಳಗೆ ಕೂತು ಕಾಫಿ ಕುಡಿದೆವು. ಅಪ್ಪ ಕುರ್ಚಿಯಲ್ಲಿ ಕೂತೇ ತಲೆ ಎತ್ತಿ ತೊಲೆಗಳ ಕೀಲುಗಳಲ್ಲಿ ನಂಬರು ಹುಡುಕುತ್ತಿದ್ದರು. ಒಂದು ಸಿಕ್ಕಿತು. ನನಗೆ ಬೆರಳು ಮಾಡಿ ತೋರಿಸಿದರು, ಚಿಕ್ಕ ಹುಡುಗನಿಗೆ ತೋರಿಸೋ ಹಾಗೆ.

*

ಗೆಳೆಯಾ, ಇಗೋ ನಿನ್ನ ಲಿಸ್ಟು. ಚೆಸ್ಟರಿಗೆ ಮಳೆ ಬರೋ ದಿನ ಹೋಗು, ರೋಸ್ ಯಾಕೆ ಕಟ್ಟಿದರು ಅಂತ ಆಗಲೇ ಗೊತ್ತಾಗೋದು. ಲಿಂಕನ್ನಿನಲ್ಲಿ ಬೆಟ್ಟ ಹತ್ತಿ ಹೋಗು, ಕಾರಿನಲ್ಲಿ ಮೇಲಕ್ಕೆ ಹೋದರೆ ಅರ್ಧ ಮಜಾ ಹೋಯ್ತು. ಯಾರ್ಕಿನ ಶ್ಯಾಂಬಲ್ಸಿಗೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಹೋಗು, ಅಂಗಡಿ ತೆರೆಯೋ ಮುಂಚೆ. ಆಗ ಬೀದಿ ಬೀದಿಯ ಹಾಗೆ ಕಾಣುತ್ತೆ. ಕೊವೆಂಟ್ರಿಯಲ್ಲಿ ಒಂದು ದಿನ ನನಗೆ ಬಿಡು. ಏನೂ ಇಲ್ಲದ ಒಂದು ರಸ್ತೆ ತೋರಿಸ್ತೀನಿ.

ಇನ್ನು ಬರೆಯಲೋ ಬೇಡವೋ ಅಂತ ಇದ್ದದ್ದು ಯಾಕೆ ಅಂದರೆ, ಅಪ್ಪ ಈಗ ಇದನ್ನೆಲ್ಲ ಓದುತ್ತಾರೆ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು. ಓದಿ ಫೋನ್ ಮಾಡಿ, ಅಳತೆ ಎಲ್ಲೆಲ್ಲಿ ತಪ್ಪಾಗಿದ್ಯೋ ಅದನ್ನ ಮಾತ್ರ ಹೇಳುತ್ತಾರೆ.

ಅಪ್ಪ, ಅಳತೆ ಎಲ್ಲಾ ಸರಿ ಇದೆ ಅಂದುಕೊಂಡಿದ್ದೀನಿ. ಪಿಯುಸಿಯಲ್ಲಿ ನಾನು ಅಂದ ಆ ಮಾತು ಮಾತ್ರ ತಪ್ಪು.

ಮುಂದಿನ ಸಲ ಊರಿಗೆ ಬಂದಾಗ ಆ ಪುಸ್ತಕ ತೋರಿಸಿ.